ಚಟಕ್ಕೂ ಚಿಕಿತ್ಸೆಯುಂಟು: ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಿಗಳ ಚಿಕಿತ್ಸೆಗೆಂದೇ ಮೀಸಲಾದ ಕೇಂದ್ರವೊಂದಿದೆ. ‘ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್’ ಎಂಬುದು ಅದರ ಹೆಸರು. ಮದ್ಯ, ತಂಬಾಕು, ಗಾಂಜಾ, ಅಫೀಮಿನ ಜಾತಿಯ ಮಾದಕಗಳು, ನಿದ್ರೆಮಾತ್ರೆ ಇವುಗಳ ಹಿಡಿತಕ್ಕೆ ಸಿಕ್ಕವರು ಇಲ್ಲಿ ಹೊರರೋಗಿಗಳಾಗಿಯೂ ಒಳರೋಗಿಗಳಾಗಿಯೂ ಚಿಕಿತ್ಸೆ ಪಡೆಯುತ್ತಾರೆ.

ಕೇಂದ್ರವನ್ನು ನಡೆಸುವ ನಿಮ್ಹಾನ್ಸ್‌ನ ಬೇರು ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರ್ 27ರಂದು ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯ ಜೊತೆಗೆ ಕಲಿಕೆ, ಸಂಶೋಧನೆಗಳೂ ಸೇರಿಕೊಂಡಿದ್ದರಿಂದ ವ್ಯಸನವನ್ನು ವೈದ್ಯಶಾಸ್ತ್ರದ ಕಣ್ಣಿನಿಂದ ನೋಡುವ ದಾರಿ ಇಲ್ಲಿ ಗಟ್ಟಿಯಾಯಿತು.

ಆ ಕಣ್ಣಿಗೆ ವ್ಯಸನ ಒಂದು ಕಾಯಿಲೆ. ಮಾದಕವಸ್ತುಗಳು ಮಿದುಳಿನಲ್ಲಿ ಸುಖ ಮತ್ತು ಪ್ರೇರಣೆಯನ್ನು ನಿಭಾಯಿಸುವ ಡೋಪಮೈನ್ ಜಾಲವನ್ನು ಕೆರಳಿಸುತ್ತವೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಆ ವಸ್ತುವಿಗೆ ಒಗ್ಗಿಹೋಗುತ್ತದೆ. ಮೊದಲಿನ ಅಮಲಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ, ಇಲ್ಲದಿದ್ದರೆ ಮೈ ತಡೆಯುವುದಿಲ್ಲ. ಬಿಡಬೇಕೆಂಬ ಮನಸ್ಸು ನಿಜವಾಗಿಯೂ ಇದ್ದವರಿಗೆ ಬಿಡಲಾಗದೆ ಹೋಗುವುದು ಇದರಿಂದಲೇ. ‘ಮನಸ್ಸು ಮಾಡಿದರೆ ಬಿಡಬಹುದಿತ್ತು’ ಎಂಬ ಮೂದಲಿಕೆಯಿಂದ ಆಗುವುದು ಒಂದೇ, ರೋಗಿ ಆಸ್ಪತ್ರೆಯಿಂದ ಇನ್ನಷ್ಟು ದೂರ ಸರಿಯುತ್ತಾನೆ.

ಮದ್ಯವ್ಯಸನಿಯ ಚಿಕಿತ್ಸೆ ವಿವರವಾದ ವಿಚಾರಣೆಯಿಂದ ಶುರುವಾಗುತ್ತದೆ. ಎಷ್ಟು ವರ್ಷದಿಂದ ಕುಡಿತ, ಬೆಳಗ್ಗೆ ಎದ್ದ ಕೂಡಲೇ ಬೇಕೇ, ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳುತ್ತಾರೆ. ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ ನಡುಕ ಗಮನಿಸುತ್ತಾರೆ. ಬೆವರು, ನಾಡಿಬಡಿತ, ತಳಮಳ, ಇಲ್ಲದ್ದು ಕಾಣುವುದು, ಕೇಳುವುದು ಇವನ್ನೆಲ್ಲ ಅಳೆಯುವುದರಿಂದ ಔಷಧಿಯ ಪ್ರಮಾಣ ನಿರ್ಧಾರವಾಗುತ್ತದೆ.

ಈ ಎಚ್ಚರಿಕೆಗೆ ಕಾರಣವಿದೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ಹತ್ತುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸ್ಥಳ, ಕಾಲಗಳ ಅರಿವು ತಪ್ಪಿ ಸನ್ನಿ ಹಿಡಿಯುತ್ತದೆ. ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಈ ಸ್ಥಿತಿ ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ಅಂಥವರನ್ನು ಮನೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವುದು ಅಪಾಯಕಾರಿ. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಲೊರಾಜೆಪಾಮ್‌ನಂಥ ಔಷಧಿ ಕೊಟ್ಟು, ದಿನದಿನಕ್ಕೆ ಪ್ರಮಾಣ ಇಳಿಸುತ್ತಾ ಈ ಗಂಡಾಂತರ ದಾಟಿಸುತ್ತಾರೆ.

ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಕೊಡುವುದು ಕಡ್ಡಾಯವೆನ್ನುವಷ್ಟು ಮುಖ್ಯ. ಊಟ ಬಿಟ್ಟು ಕುಡಿದವರಲ್ಲಿ ಇದು ಬರಿದಾಗಿರುತ್ತದೆ. ಅಂಥವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ನಡಿಗೆ ತಪ್ಪಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಕಡಿಮೆ ಬೆಲೆಯ ಒಂದು ಇಂಜೆಕ್ಷನ್ ಈ ಅನಾಹುತ ತಪ್ಪಿಸುತ್ತದೆ.

ಮೈಯಿಂದ ಅಮಲು ಇಳಿಯುವುದಕ್ಕೆ ಸಾಮಾನ್ಯವಾಗಿ ಒಂದು ವಾರ ಸಾಕು. ಮತ್ತೆ ಕುಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಕುಡಿಯುವ ಹಂಬಲ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಔಷಧಿಗಳಿವೆ. ಡೈಸಲ್ಫಿರಾಮ್‌ನ ರೀತಿಯೇ ಬೇರೆ. ಇದನ್ನು ಸೇವಿಸುತ್ತಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ಅರಿತು ಒಪ್ಪಿದ ಮೇಲಷ್ಟೇ ಇದನ್ನು ಕೊಡಬೇಕು. ಗುಟ್ಟಾಗಿ ಸಾರಿನಲ್ಲಿ, ಮಜ್ಜಿಗೆಯಲ್ಲಿ ಬೆರೆಸಿ ಕೊಡುವುದು ಜೀವದ ಜೊತೆ ಆಟ. ಹೆರಾಯಿನ್‌ನಂಥ ಮಾದಕಗಳಿಗೆ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ದೀರ್ಘಕಾಲ ಕೊಡುವ ಪದ್ಧತಿಯಿದೆ.

ಔಷಧಿಯಷ್ಟೇ ಮುಖ್ಯವಾದದ್ದು ಆಪ್ತಸಮಾಲೋಚನೆ. ಸಂಬಳದ ದಿನ, ಹಳೆಯ ಗೆಳೆಯರ ಕರೆ, ಮನೆಯ ಜಗಳ, ಹೀಗೆ ಯಾವ ಗಳಿಗೆಯಲ್ಲಿ ಕಾಲು ಜಾರುತ್ತದೆಂದು ರೋಗಿಯೇ ಗುರುತಿಸಿ ಪರ್ಯಾಯ ಯೋಚಿಸಿಟ್ಟುಕೊಳ್ಳುತ್ತಾನೆ. ಮನೆಯವರನ್ನೂ ಕೂರಿಸಿ ಮಾತನಾಡಿಸುತ್ತಾರೆ, ಏಕೆಂದರೆ ವರ್ಷಗಳ ಅವಮಾನ, ಸಾಲ, ಹೊಡೆತ ಉಂಡ ಹೆಂಡತಿ ಮಕ್ಕಳಿಗೂ ಆಸರೆ ಬೇಕು. ಖಿನ್ನತೆ, ಆತಂಕ, ಮನೋವಿಕಾರಗಳು ವ್ಯಸನದ ಜೊತೆಜೊತೆಗೇ ಇರುವುದುಂಟು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗದಿದ್ದರೆ ಒಂದು ಇನ್ನೊಂದನ್ನು ಮರಳಿ ಎಳೆತರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಹಾಗೆ ವ್ಯಸನವೂ ಮರುಕಳಿಸಬಹುದು. ಮತ್ತೆ ಕುಡಿದವರು ನಾಚಿಕೊಳ್ಳದೆ ಆಸ್ಪತ್ರೆಗೆ ಬರುವುದೇ ಗುಣವಾಗುವ ದಾರಿ.

ಆದರೆ ದೂರದ ಊರಿನವರು ಪದೇ ಪದೇ ಬೆಂಗಳೂರಿಗೆ ಬರುವುದು ಕಷ್ಟ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಮದ್ಯದಿಂದ ತೊಂದರೆಗೊಳಗಾದವರಲ್ಲಿ ಸುಮಾರು ಶೇಕಡಾ 86 ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ಕಂಡುಕೊಂಡಿತು. ಈ ಕಂದರವನ್ನು ಮುಚ್ಚುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸಿತು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಕುಡಿತ ಬಿಟ್ಟವರು ಬಳಿಕ ನವಜೀವನ ಸಮಿತಿಗಳಲ್ಲಿ ಒಬ್ಬರಿಗೊಬ್ಬರು ಒತ್ತಾಸೆಯಾಗುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಹೆಸರು ಹೇಳಬೇಕಿಲ್ಲದ ಉಚಿತ ಬೆಂಬಲ ನೀಡುತ್ತವೆ.

ಕಾನೂನೂ ರೋಗಿಯ ಬೆನ್ನಿಗಿದೆ. ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯ ವ್ಯಾಪ್ತಿಗೆ ತಂದಿದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ ಗೋಪ್ಯತೆಯನ್ನೂ ಅದು ಕೊಡುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡಿ, ಹತ್ತಿರದ ಆಸ್ಪತ್ರೆಯ ದಾರಿ ತಿಳಿದುಕೊಳ್ಳಬಹುದು. ರೋಗಿಗಿಂತ ಮೊದಲು ಮನೆಯವರೇ ಕರೆ ಮಾಡಿದರೂ ಸರಿಯೇ.