ಬೆಟ್ಟ ಸಿಡಿಯುವ ಮುನ್ನ ತೋರಿಸಿದ ಚಿತ್ರಗಳು

ಜ್ವಾಲಾಮುಖಿಯ ಚಿತ್ರಗಳನ್ನು ನಾವೆಲ್ಲರೂ ಟಿ.ವಿ.ಯಲ್ಲೋ ಮಕ್ಕಳ ಪಠ್ಯಪುಸ್ತಕದಲ್ಲೋ ನೋಡಿದ್ದೇವೆ. ನಮ್ಮ ಕರಾವಳಿಯಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ. ಮಲ್ಪೆಯ ಬಳಿ ಇರುವ ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಬಂಡೆಗಳು ಕೋಟ್ಯಂತರ ವರ್ಷಗಳ ಹಿಂದೆ ತಣ್ಣಗಾದ ಲಾವಾರಸದಿಂದ ಆದವು. ಹಾಗಾಗಿ ಬೆಂಕಿಯುಗುಳುವ ಬೆಟ್ಟದ ಚಿತ್ರ ನಮಗೆ ನೋಡಿ ಬೆರಗಾಗುವ ವಿಷಯವಷ್ಟೇ. ಆದರೆ 1991ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ಇಂತಹ ಚಿತ್ರಗಳು ಸಾವಿರಾರು ಜನರ ಪ್ರಾಣ ಉಳಿಸಲು ನೆರವಾದವು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ನಕ್ಷೆ ಇದ್ದೂ ತಪ್ಪದ ದುರಂತ

ಮೊದಲು ಕೊಲಂಬಿಯಾದ ಒಂದು ಘಟನೆಯನ್ನು ನೆನಪಿಸಿಕೊಳ್ಳಬೇಕು. 1985ರ ನವೆಂಬರ್ 13ರ ರಾತ್ರಿ ಅಲ್ಲಿನ ನೆವಾಡೊ ಡೆಲ್ ರೂಯಿಜ್ ಎಂಬ ಹಿಮಾಚ್ಛಾದಿತ ಜ್ವಾಲಾಮುಖಿ ಸಿಡಿಯಿತು. ಸ್ಫೋಟ ಅಷ್ಟೇನೂ ದೊಡ್ಡದಾಗಿರಲಿಲ್ಲ. ಆದರೆ ಬಿಸಿ ಬೂದಿಗೆ ಶಿಖರದ ಹಿಮ ಕರಗಿ, ಬೂದಿ, ಮಣ್ಣು, ಕಲ್ಲುಗಳೊಡನೆ ಬೆರೆತು ಕೆಸರಿನ ಪ್ರವಾಹವಾಗಿ ಕಣಿವೆಗಿಳಿಯಿತು. ಇದನ್ನು 'ಲಾಹಾರ್' ಎನ್ನುತ್ತಾರೆ. ಸುಮಾರು ಎರಡೂವರೆ ಗಂಟೆಯಲ್ಲಿ ಅದು ಆರ್ಮೆರೊ ಪಟ್ಟಣವನ್ನು ತಲುಪಿತು. ಒಟ್ಟು 23,000ಕ್ಕೂ ಹೆಚ್ಚು ಜನ ಮೃತಪಟ್ಟರು.

ಇದಕ್ಕೆ ಸುಮಾರು ಒಂದು ತಿಂಗಳು ಮೊದಲೇ ವಿಜ್ಞಾನಿಗಳು ಅಪಾಯದ ನಕ್ಷೆ ಸಿದ್ಧಪಡಿಸಿದ್ದರು. ಕೆಸರು ಎಲ್ಲಿ ಹರಿಯಬಹುದೆಂದು ಅದರಲ್ಲಿ ಗುರುತಿಸಿದ್ದರು. ಆರ್ಮೆರೊ ಅಪಾಯದ ವಲಯದಲ್ಲಿತ್ತು. ಆದರೂ ಜನರ ಸ್ಥಳಾಂತರ ಆಗಲಿಲ್ಲ. ದುರಂತದ ನಂತರ, ಕೆಸರಿನಲ್ಲಿ ಸಿಲುಕಿಕೊಂಡ 13 ವರ್ಷದ ಬಾಲಕಿಯ ಛಾಯಾಚಿತ್ರವೊಂದು ಪ್ರಪಂಚದ ಮನ ಕಲಕಿತು. ಆ ಚಿತ್ರಕ್ಕೆ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂತು. ಬಾಲಕಿ ಮಾತ್ರ ಉಳಿಯಲಿಲ್ಲ.

ದಂಪತಿಯ ವಿಡಿಯೊ

ಈ ಸಾವುಗಳಿಂದ ನೊಂದವರಲ್ಲಿ ಫ್ರಾನ್ಸಿನ ಮೊರಿಸ್ ಮತ್ತು ಕಾತ್ಯಾ ಕ್ರಾಫ್ಟ್ ದಂಪತಿ ಸೇರಿದ್ದರು. ಜೀವನವಿಡೀ ಜ್ವಾಲಾಮುಖಿಗಳ ಬೆನ್ನು ಹತ್ತಿದವರು ಇವರು. ಕಾತ್ಯಾ ಫೊಟೊ ತೆಗೆಯುತ್ತಿದ್ದರು, ಮೊರಿಸ್ ಚಲನಚಿತ್ರ ಚಿತ್ರೀಕರಿಸುತ್ತಿದ್ದರು. ಜನರಿಗೆ ಅಪಾಯದ ಅರಿವು ಮೂಡಿಸಲು ಅವರು ತಮ್ಮ ಚಿತ್ರಗಳನ್ನು ಜೋಡಿಸಿ ಒಂದು ವಿಡಿಯೊ ತಯಾರಿಸತೊಡಗಿದರು. ಬೂದಿ ಮಳೆ, ಬಿಸಿ ಬೂದಿ ಮತ್ತು ಅನಿಲದ ಪ್ರವಾಹ, ಲಾಹಾರ್, ಭೂಕುಸಿತ, ಸುನಾಮಿ, ಲಾವಾರಸ, ವಿಷಾನಿಲ ಇವುಗಳಲ್ಲಿ ಪ್ರತಿಯೊಂದೂ ಹೇಗೆ ಬರುತ್ತದೆ, ಏನು ಮಾಡುತ್ತದೆ ಎಂಬುದನ್ನು ಅದು ಸರಳವಾಗಿ ತೋರಿಸುತ್ತಿತ್ತು. ಅಪಾಯಗಳ ಪೈಕಿ ಲಾವಾರಸವೇ ಹೆಚ್ಚು ಪ್ರಸಿದ್ಧ. ಆದರೆ ಅದು ಸಾಮಾನ್ಯವಾಗಿ ನಿಧಾನವಾಗಿ ಹರಿಯುವುದರಿಂದ ಓಡಿ ಪಾರಾಗಬಹುದು. ಬಿಸಿ ಬೂದಿಯ ಪ್ರವಾಹದಿಂದ ಯಾರೂ ಓಡಿ ಪಾರಾಗಲಾರರು.

ಪಿನತುಬೊ ಎಚ್ಚೆತ್ತಾಗ

ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಪಿನತುಬೊ ಸುಮಾರು 500 ವರ್ಷ ಮೌನವಾಗಿದ್ದ ಬೆಟ್ಟ. ಅದರ ಇಳಿಜಾರುಗಳಲ್ಲಿ ದಟ್ಟ ಕಾಡು, ಕಾಡಿನಲ್ಲಿ ಆಯ್ತಾ ಎಂಬ ಮೂಲನಿವಾಸಿಗಳ ವಸತಿ. 1991ರ ಏಪ್ರಿಲ್ 2ರಂದು ಬೆಟ್ಟದಲ್ಲಿ ಸಣ್ಣ ಸ್ಫೋಟಗಳಾಗಿ ಹಬೆ ಮೇಲೆದ್ದಿತು. ಮರುದಿನ ಈ ಸುದ್ದಿಯನ್ನು ದೇಶದ ಜ್ವಾಲಾಮುಖಿ ಸಂಸ್ಥೆ ಫಿವೋಲ್ಕ್ಸ್‌ಗೆ ಮುಟ್ಟಿಸಿದವರು ಆಯ್ತಾ ಜನರ ನಡುವೆ ಸೇವೆ ಸಲ್ಲಿಸುತ್ತಿದ್ದ ಧರ್ಮಭಗಿನಿ ಸಿಸ್ಟರ್ ಎಮ್ಮಾ ಮತ್ತು ಅವರ ಜೊತೆಗಿದ್ದ ಆಯ್ತಾ ಬಾಂಧವರು. ಉಪಕರಣಗಳನ್ನು ಅಳವಡಿಸಿದ್ದು ಇದಾದ ನಂತರ.

ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿಗಳೂ ನೆರವಿಗೆ ಬಂದರು. ಮೇ 23ರ ಹೊತ್ತಿಗೆ ಅಪಾಯದ ನಕ್ಷೆ ಸಿದ್ಧವಾಯಿತು. ಆದರೆ ನಂಬುವವರು ಬೇಕಲ್ಲವೇ? ಪಿನತುಬೊ ಸಿಡಿದದ್ದನ್ನು ಕಂಡ ಅಜ್ಜ ಅಜ್ಜಿಯರು ಯಾವ ಮನೆಯಲ್ಲೂ ಇರಲಿಲ್ಲ. ಬಿಸಿ ಬೂದಿಯ ಪ್ರವಾಹ ಎಂದರೆ ಜನರಿಗೆ ಅದು ಕೇವಲ ಒಂದು ಮಾತು. ಸ್ಥಳೀಯ ಮುಖಂಡರಲ್ಲೂ ಅನೇಕರು ಅನುಮಾನಿಸಿದರು.

ಆಗ ಕ್ರಾಫ್ಟ್ ದಂಪತಿಯ ವಿಡಿಯೊ ಉಪಯೋಗಕ್ಕೆ ಬಂತು. ಅದಿನ್ನೂ ಪೂರ್ತಿಗೊಂಡಿರಲಿಲ್ಲ. ಆದರೂ ಅದರ ಪ್ರತಿಯನ್ನು ತರಿಸಿ ಹಳ್ಳಿಯವರಿಂದ ಹಿಡಿದು ಸರ್ಕಾರಿ ಅಧಿಕಾರಿಗಳವರೆಗೆ ಸಾಧ್ಯವಾದಷ್ಟು ಜನರಿಗೆ ತೋರಿಸಿದರು. ಅನೇಕರ ಅನುಮಾನ ಕರಗಿದ್ದು ಅದನ್ನು ಕಣ್ಣಾರೆ ಕಂಡ ಮೇಲೆ.

ಜೂನ್ 3ರಂದು ಜಪಾನಿನ ಉನ್ಜೆನ್ ಜ್ವಾಲಾಮುಖಿಯಲ್ಲಿ ಚಿತ್ರೀಕರಣದಲ್ಲಿದ್ದ ಮೊರಿಸ್ ಮತ್ತು ಕಾತ್ಯಾ ಬಿಸಿ ಬೂದಿಯ ಪ್ರವಾಹಕ್ಕೆ ಸಿಲುಕಿ ಮಡಿದರು. ಅಂದು ಅಲ್ಲಿ ಸತ್ತವರು 43 ಮಂದಿ. ಯಾವ ಅಪಾಯದ ಬಗ್ಗೆ ಜನರನ್ನು ಎಚ್ಚರಿಸುತ್ತಿದ್ದರೋ ಅದೇ ಅವರನ್ನು ಬಲಿ ತೆಗೆದುಕೊಂಡಿತು.

ಜೂನ್ 10ರಂದು ಪಿನತುಬೊ ಬುಡದ ಕ್ಲಾರ್ಕ್ ವಾಯುನೆಲೆ ಬಹುಮಟ್ಟಿಗೆ ಖಾಲಿಯಾಯಿತು. ಸುತ್ತಮುತ್ತಲಿನ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಲಾಯಿತು. ಜೂನ್ 15ರಂದು ಬೆಟ್ಟ ಪೂರ್ಣವಾಗಿ ಸಿಡಿದು ಬೂದಿ ಸುಮಾರು 35 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿತು. 1,745 ಮೀಟರ್ ಎತ್ತರವಿದ್ದ ಶಿಖರ ಕುಸಿದು ಸುಮಾರು ಎರಡೂವರೆ ಕಿಲೋಮೀಟರ್ ಅಗಲದ ಬಾಣಲೆಯಾಯಿತು. ಮುನ್ನೆಚ್ಚರಿಕೆಯಿಂದ ಕನಿಷ್ಠ 5,000 ಜನರ ಜೀವ ಉಳಿಯಿತೆಂದು ಆ ಎರಡೂ ಸಂಸ್ಥೆಗಳ ಅಂದಾಜು.

ಚಿತ್ರಕ್ಕೆ ಸಿಗದ ಸಾವುಗಳು

ಹಾಗೆಂದು ಎಲ್ಲವೂ ಸುಸೂತ್ರವಾಗಲಿಲ್ಲ. ಅದೇ ದಿನ ಚಂಡಮಾರುತವೊಂದು ದ್ವೀಪವನ್ನು ಹಾದುಹೋಯಿತು. ಮಳೆಗೆ ನೆನೆದು ಭಾರವಾದ ಬೂದಿ ಮನೆಗಳ ಮಾಡುಗಳನ್ನು ಕುಸಿಯುವಂತೆ ಮಾಡಿ ನೂರಾರು ಜನರನ್ನು ಕೊಂದಿತು. ನಂತರದ ತಿಂಗಳುಗಳಲ್ಲಿ ನಿರಾಶ್ರಿತರ ಶಿಬಿರಗಳಲ್ಲಿ ದಡಾರದಂತಹ ರೋಗಗಳಿಗೆ ಅನೇಕರು, ವಿಶೇಷವಾಗಿ ಆಯ್ತಾ ಮಕ್ಕಳು, ಬಲಿಯಾದರು. ಬೆಟ್ಟದಿಂದ ಪಾರಾಗಿ ಬಂದವರು ಇವರು. ಪರಿಹಾರ ಕಾರ್ಯದಲ್ಲಿ ತೊಡಗುವವರು ಇದನ್ನು ನೆನಪಿಡಬೇಕು. ಜನರನ್ನು ಸ್ಥಳಾಂತರಿಸಿದೊಡನೆ ಜವಾಬ್ದಾರಿ ಮುಗಿಯುವುದಿಲ್ಲ. ಶುದ್ಧ ನೀರು, ಲಸಿಕೆ, ಶೌಚಾಲಯಗಳೂ ಅಷ್ಟೇ ಮುಖ್ಯ.

ನೀರು ಬರೆದ ಹೊಸ ಭೂಪಟ

ಬೆಟ್ಟದ ಇಳಿಜಾರಿನಲ್ಲಿ ಉಳಿದ ಅಪಾರ ಬೂದಿಯನ್ನು ಪ್ರತಿ ಮಳೆಗಾಲವೂ ಕೆಳಗೆ ತಂದಿತು. 1995ರಲ್ಲಿ ಬಾಕೊಲೊರ್ ಪಟ್ಟಣ ಲಾಹಾರ್‌ನಲ್ಲಿ ಹೂತುಹೋಯಿತು. ಅಲ್ಲಿನ ಪುರಾತನ ಸಾನ್ ಗಿಯೆರ್ಮೊ ಚರ್ಚ್ ಅರ್ಧದವರೆಗೆ, ಸುಮಾರು 6 ಮೀಟರ್, ಮುಚ್ಚಿಹೋಯಿತು. ಭಕ್ತರು ಹೂತ ಪೀಠವನ್ನು ಅಗೆದು ತೆಗೆದು ಮೇಲಿನ ಮಟ್ಟಕ್ಕೆ ಏರಿಸಿದರು. ಹಿಂದೆ ಕಿಟಕಿಗಳಾಗಿದ್ದವು ಈಗ ಬಾಗಿಲುಗಳಾಗಿವೆ. ಚರ್ಚಿನ ಹಳೆಯ ಫೊಟೊವನ್ನೂ ಇಂದಿನ ಫೊಟೊವನ್ನೂ ಪಕ್ಕಪಕ್ಕದಲ್ಲಿಟ್ಟರೆ ಎಷ್ಟು ಬೂದಿ ಬಂತೆಂದು ಶಾಲಾ ಮಗುವಿಗೂ ತಿಳಿಯುತ್ತದೆ.

ಇನ್ನೊಂದು ಕಡೆ ಲಾಹಾರ್ ನದಿಗೆ ಅಡ್ಡಗಟ್ಟಿ ಮಪನುಯೆಪೆ ಎಂಬ ಸರೋವರವೇ ಹುಟ್ಟಿತು. ಹಳ್ಳಿಗಳು ಮುಳುಗಿದವು. ಮುಳುಗಿದ ಚರ್ಚೊಂದರ ಗೋಪುರದ ತುದಿ ಮಾತ್ರ ನೀರಿನ ಮೇಲೆ ಉಳಿಯಿತು.

ಬೆಟ್ಟದ ಬೂದಿಮಣ್ಣು ಇನ್ನೂ ಮುಂದೆ ಸಾಗಿ ಮನಿಲಾ ಕೊಲ್ಲಿಯ ತೀರವನ್ನು ಸೇರಿತು. ಅಲ್ಲಿ ಸಾಸ್ಮುವಾನ್ ಪ್ರದೇಶದ ಕೆಸರು ಬಯಲು ಮತ್ತು ಕಾಂಡ್ಲಾ ಕಾಡು ಇಂದು ವಲಸೆ ಹಕ್ಕಿಗಳ ತಾಣ. 2021ರಲ್ಲಿ ಇದನ್ನು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಊರುಗಳನ್ನು ನುಂಗಿದ ಕೆಸರಿನ ಒಂದು ಪಾಲಿನ ಮೇಲೆ ಈಗ ಬೆಳ್ಳಕ್ಕಿಗಳು ಮೇಯುತ್ತವೆ. ಹಾಗೆಂದ ಮಾತ್ರಕ್ಕೆ ಮನೆ ಕಳೆದುಕೊಂಡವರ ನಷ್ಟ ತುಂಬಿಬರುವುದಿಲ್ಲ. ಆದರೆ ಎರಡೂ ಸತ್ಯ, ಎರಡರ ಚಿತ್ರಗಳೂ ನಮಗೆ ಬೇಕು.

ನಾವೇನು ಮಾಡಬಹುದು?

ನಮ್ಮಲ್ಲಿ ಜ್ವಾಲಾಮುಖಿ ಇಲ್ಲದಿದ್ದರೂ ಗುಡ್ಡ ಕುಸಿತ, ನೆರೆ, ಕಡಲ್ಕೊರೆತ ಇವೆ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆತಿಲ್ಲ. ಧರ್ಮಕೇಂದ್ರಗಳ ಆಲ್ಬಮ್‌ಗಳಲ್ಲಿ ಹಬ್ಬ, ಮೆರವಣಿಗೆ, ಕಟ್ಟಡ ಉದ್ಘಾಟನೆಗಳ ಹಳೆಯ ಫೊಟೊಗಳಿವೆ. ಅವುಗಳ ಹಿನ್ನೆಲೆಯಲ್ಲಿ ಹೊಳೆಯ ದಂಡೆ, ಕಡಲ ತೀರ, ಗುಡ್ಡದ ಅಂಚು ಕಾಣಿಸಬಹುದು. ಹಿರಿಯರನ್ನು ಕೇಳಿ ಅವುಗಳ ಹಿಂದೆ ಸ್ಥಳ ಮತ್ತು ವರ್ಷವನ್ನು ಬರೆದಿಡೋಣ. ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು ಮತ್ತು ನಂತರ, ಅದೇ ಜಾಗದಲ್ಲಿ ನಿಂತು ಫೊಟೊ ತೆಗೆಯುವ ಕೆಲಸವನ್ನು ಯುವಜನರಿಗೆ ವಹಿಸಬಹುದು. ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತನ್ನೂ ದಾಖಲಿಸಬಹುದು.

ಹೀಗೆ ಸಂಗ್ರಹಿಸಿದ್ದನ್ನು ಕಪಾಟಿನಲ್ಲಿಟ್ಟರೆ ಸಾಲದು. ಹೊಳೆಯಂಚಿನಲ್ಲಿ, ಗುಡ್ಡದ ಬುಡದಲ್ಲಿ ವಾಸಿಸುವ ಕುಟುಂಬಗಳನ್ನು ಮಳೆ ಶುರುವಾಗುವ ಮುನ್ನ ಕರೆದು, ಅವರ ಭಾಷೆಯಲ್ಲೇ ವಿವರಿಸಿ ತೋರಿಸಬೇಕು. ಆರ್ಮೆರೊದಲ್ಲಿ ನಕ್ಷೆ ಇದ್ದರೂ ಜನ ಊರು ಬಿಟ್ಟು ಹೋಗಲಿಲ್ಲ. ಪಿನತುಬೊದಲ್ಲಿ ಪೂರ್ತಿಗೊಳ್ಳದ ವಿಡಿಯೊವನ್ನೂ ಸಮಯಕ್ಕೆ ಸರಿಯಾಗಿ ತೋರಿಸಿದ್ದರಿಂದ ಜನ ಹೊರಟರು.