ಜ್ಯೂರಿಯ ನಿರ್ಣಯ, ಮರುವಿಚಾರಣೆ ಮತ್ತು ಮುಂಬಯಿಯ ನ್ಯಾಯಾಲಯಗಳು

ನಾನಾವತಿ ಮೊಕದ್ದಮೆಯ ಪ್ರಸ್ತಾಪ ಬಂದಾಗಲೆಲ್ಲ, ಜ್ಯೂರಿ ಆರೋಪಿಯನ್ನು ನಿರ್ದೋಷಿಯೆಂದಿತು, ಅದರಿಂದಾಗಿಯೇ ಭಾರತದಲ್ಲಿ ಜ್ಯೂರಿ ಪದ್ಧತಿ ಕೊನೆಗೊಂಡಿತು ಎಂದು ಹೇಳುವುದು ವಾಡಿಕೆಯಾಗಿದೆ. ಆದರೆ ಆ ಮೊಕದ್ದಮೆಯ ನಿಜವಾದ ಸ್ವಾರಸ್ಯವಿರುವುದು, ಜ್ಯೂರಿಯ ನಿರ್ಣಯ ತಪ್ಪೆಂದು ಕಂಡಾಗ ಅದನ್ನು ಯಾರು, ಯಾವ ದಾರಿಯಿಂದ ಸರಿಪಡಿಸಬೇಕೆಂಬ ಪ್ರಶ್ನೆಯಲ್ಲಿ.

ಜ್ಯೂರಿಯೆಂದರೆ ಸಾಕ್ಷ್ಯವನ್ನು ಕೇಳಿ, ಘಟನೆ ನಡೆದದ್ದು ಹೇಗೆಂದು ನಿರ್ಣಯಿಸುವ ಸಾಮಾನ್ಯ ನಾಗರಿಕರ ಮಂಡಳಿ. ವಾದಗಳು ಮುಗಿದ ಮೇಲೆ ನ್ಯಾಯಾಧೀಶರು ಸಾಕ್ಷ್ಯದ ಸಾರವನ್ನೂ ಅನ್ವಯವಾಗುವ ಕಾನೂನನ್ನೂ ವಿವರಿಸುತ್ತಿದ್ದರು. ಬಳಿಕ ಜ್ಯೂರಿಯವರು ಬೇರೆ ಕೋಣೆಗೆ ಹೋಗಿ ತಮ್ಮೊಳಗೆ ಚರ್ಚಿಸಿ, ಕಾರಣಗಳನ್ನು ಬರೆಯದೆ ನಿರ್ಣಯವನ್ನಷ್ಟೇ ತಿಳಿಸುತ್ತಿದ್ದರು. 1908ರಲ್ಲಿ ಬಾಲಗಂಗಾಧರ ತಿಲಕರ ರಾಜದ್ರೋಹದ ಮೊಕದ್ದಮೆಯಲ್ಲಿ ಬೊಂಬಾಯಿ ಹೈಕೋರ್ಟಿನ ಒಂಬತ್ತು ಜನರ ವಿಶೇಷ ಜ್ಯೂರಿ ಏಳಕ್ಕೆ ಎರಡರಂತೆ ಅವರನ್ನು ದೋಷಿಯೆಂದಾಗಲೂ ಕೋಣೆಯೊಳಗಿನ ತರ್ಕವೇನೆಂಬುದು ದಾಖಲೆಗೆ ಸೇರಲಿಲ್ಲ. ತಿಲಕರನ್ನು ಮಂಡಾಲೆಗೆ ಕಳುಹಿಸಿದ ನಿರ್ಣಯವೊಂದಕ್ಕೆ ಕಾರಣವೇ ದಾಖಲಾಗದಿದ್ದುದು ಈ ಪದ್ಧತಿಯ ದೊಡ್ಡ ದೌರ್ಬಲ್ಯವೆನ್ನಲೇಬೇಕು.

1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿಯವರು, ತಮ್ಮ ಪತ್ನಿಯೊಡನೆ ಸಂಬಂಧವಿದ್ದ ಪ್ರೇಮ್ ಆಹುಜಾನನ್ನು ಅವನ ಮನೆಯಲ್ಲೇ ಗುಂಡಿಕ್ಕಿ ಕೊಂದರೆಂಬುದು ಆರೋಪವಾಗಿತ್ತು. ಹೊಡೆದಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತೆಂಬುದು ಪ್ರತಿವಾದವಾಗಿತ್ತು. ಗ್ರೇಟರ್ ಬೊಂಬಾಯಿಯ ಸೆಷನ್ಸ್ ನ್ಯಾಯಾಲಯದ ಜ್ಯೂರಿ ಎಂಟಕ್ಕೆ ಒಂದರಂತೆ ಅವರು ನಿರ್ದೋಷಿಯೆಂದಿತು. ಇಂಥ ನಿರ್ಣಯಕ್ಕೆ ವಿವೇಚನೆಯುಳ್ಳ ಯಾವ ಮಂಡಳಿಯೂ ಬರಲಾರದೆಂದು ಭಾವಿಸಿದ ನ್ಯಾಯಾಧೀಶ ಆರ್. ಬಿ. ಮೆಹ್ತಾ ಅವರು, 1898ರ ಅಪರಾಧ ಪ್ರಕ್ರಿಯಾ ಸಂಹಿತೆಯ 307ನೆಯ ಕಲಮಿನಂತೆ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಹೊಸ ಜ್ಯೂರಿಯ ಮುಂದೆ ಮರುವಿಚಾರಣೆ ನಡೆಸಲು ಆದೇಶಿಸದೆ, ಸಾಕ್ಷ್ಯವನ್ನೆಲ್ಲ ತಾನೇ ಪರಿಶೀಲಿಸಿ 1960ರ ಮಾರ್ಚ್‌ನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು.

ವಿಪರ್ಯಾಸವೆಂದರೆ, ಜ್ಯೂರಿ ದಾರಿ ತಪ್ಪಿದ್ದರಲ್ಲಿ ಆ ನ್ಯಾಯಾಧೀಶರ ಪಾಲೂ ಇತ್ತು. ಆಕಸ್ಮಿಕವೆಂಬ ರಕ್ಷಣೆಯನ್ನು ರುಜುವಾತುಪಡಿಸುವ ಹೊಣೆ ಆರೋಪಿಯದೇ ಎಂಬುದನ್ನೂ, ಕೃತ್ಯವನ್ನು ಕಾನೂನಿನ ಕಣ್ಣಿನಲ್ಲಿ ಆಕಸ್ಮಿಕವೆನ್ನಲು ಯಾವ ಅಂಶಗಳಿರಬೇಕೆಂಬುದನ್ನೂ ಅವರು ಸ್ಪಷ್ಟವಾಗಿ ಹೇಳಿರಲಿಲ್ಲ. ಇಂಥ ಲೋಪಕ್ಕೆ ತಪ್ಪು ನಿರ್ದೇಶನವೆನ್ನುತ್ತಾರೆ. ಆ ಕಾರಣಕ್ಕೆ ನಿರ್ಣಯವನ್ನು ತಳ್ಳಿಹಾಕುವ ಅಧಿಕಾರ ಹೈಕೋರ್ಟಿಗಿಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟು 1961ರ ನವೆಂಬರ್ 24ರಂದು ತಿರಸ್ಕರಿಸಿತು. ಸ್ನಾನ ಮುಗಿಸಿ ಬಂದಿದ್ದ ಮೃತನ ಮೈಮೇಲಿನ ಟವೆಲ್ ಕಳಚಿರಲಿಲ್ಲವಾದ್ದರಿಂದ ಹೊಡೆದಾಟದ ಕಥೆ ನಂಬಿಕೆಗೆ ಅರ್ಹವಾಗಲಿಲ್ಲ. ಆರೋಪಿ ಮನೆ ಬಿಟ್ಟು ಸುಮಾರು ಮೂರು ತಾಸು ಕಳೆದಿದ್ದರಿಂದ ಹಠಾತ್ ಪ್ರಚೋದನೆಯೆಂಬ ವಾದವೂ ನಿಲ್ಲಲಿಲ್ಲ. ನಾನಾವತಿಯವರಿಗೆ 1964ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನ ದೊರೆಯಿತು.

ಜ್ಯೂರಿ ಆ ಒಂದು ಮೊಕದ್ದಮೆಯಿಂದಲೇ ಮಾಯವಾಗಲಿಲ್ಲ. ಕಲ್ಕತ್ತೆಯಲ್ಲಿ ಅದು ಇನ್ನೂ ಹಲವು ವರ್ಷ ಉಳಿದಿತ್ತು, 1974ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಮಾತ್ರ ಅದಕ್ಕೆ ಸ್ಥಾನವಿರಲಿಲ್ಲ. ಆದರೂ ಪಾರ್ಸಿ ವಿವಾಹ ಮೊಕದ್ದಮೆಗಳಲ್ಲಿ ನ್ಯಾಯಾಧೀಶರೊಡನೆ ಕೂರುವ ಐವರು ಪ್ರತಿನಿಧಿಗಳ ರೂಪದಲ್ಲಿ ಅದರ ಛಾಯೆ ಮುಂಬಯಿಯಲ್ಲಿ ಉಳಿದುಬಂದಿದೆ.

ಮರುವಿಚಾರಣೆಯಾದರೋ ಕಾನೂನಿನಲ್ಲಿ ಉಳಿದಿದೆ, ಆದರೆ ಅಪರೂಪ: ಮೊದಲ ವಿಚಾರಣೆ ಹೆಸರಿಗಷ್ಟೇ ನಡೆದಿದೆಯೆಂದು ಕಂಡಾಗ ಮಾತ್ರ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಆದೇಶಿಸುತ್ತದೆ. 2002ರಲ್ಲಿ ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಎಲ್ಲ 21 ಆರೋಪಿಗಳು ಖುಲಾಸೆಯಾದಾಗ, ಸುಪ್ರೀಂ ಕೋರ್ಟು 2004ರಲ್ಲಿ ಹೊಸ ವಿಚಾರಣೆಯನ್ನು ಮಹಾರಾಷ್ಟ್ರದಲ್ಲಿ ನಡೆಸಲು ಆದೇಶಿಸಿತು; ಮುಂಬಯಿಯ ನ್ಯಾಯಾಲಯವು 2006ರಲ್ಲಿ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಅವರಲ್ಲಿ ನಾಲ್ವರ ಶಿಕ್ಷೆಯನ್ನು ಬೊಂಬಾಯಿ ಹೈಕೋರ್ಟು 2012ರಲ್ಲಿ ಎತ್ತಿಹಿಡಿದು ಉಳಿದ ಐವರನ್ನು ಬಿಡುಗಡೆ ಮಾಡಿತು.