ಮಾಂಜಾ ಗಾಯದಿಂದ ಜರ್ನಲ್ ಪುಟದವರೆಗೆ

ಜನವರಿ 14ರ ಉತ್ತರಾಯಣಕ್ಕೆ ಅಹಮದಾಬಾದ್, ವಡೋದರಾ, ಸೂರತ್‌ಗಳ ತಾರಸಿಗಳಿಂದ ಗಾಳಿಪಟ ಏರುತ್ತಿದ್ದಂತೆ ರೆಕ್ಕೆ ಕೊಯ್ದ ಪಾರಿವಾಳ, ಹದ್ದು, ಕೊಕ್ಕರೆಗಳು ಆಸ್ಪತ್ರೆಗೆ ಬರತೊಡಗುತ್ತವೆ. ಗುಜರಾತ್ ಸರ್ಕಾರ ಪ್ರತಿವರ್ಷ ಆ ದಿನಗಳಲ್ಲಿ ‘ಕರುಣಾ ಅಭಿಯಾನ’ ನಡೆಸುವುದು ಈ ಹಕ್ಕಿಗಳಿಗಾಗಿಯೇ. ಗಾಜಿನ ಪುಡಿ ಮೆತ್ತಿದ ದಾರ, ಅಂದರೆ ಮಾಂಜಾ, ಭುಜದಿಂದ ಮಣಿಕಟ್ಟಿನವರೆಗಿನ ತೆಳುಚರ್ಮವನ್ನು ಸೀಳುತ್ತದೆ. ಅದರ ಅಂಚಿನ ಸ್ನಾಯುರಜ್ಜು ತುಂಡಾದರೆ ಗಾಯ ಮಾಯ್ದರೂ ಹಕ್ಕಿ ಹಾರಲಾರದು.

ಒಂದೇ ಬಗೆಯ ಇಷ್ಟು ಗಾಯಗಳನ್ನು ಕೆಲವೇ ದಿನಗಳಲ್ಲಿ ನೋಡುವ ಅವಕಾಶ ಬೇರೆ ಹೆಚ್ಚಿನ ಊರುಗಳ ಪಶುವೈದ್ಯರಿಗೆ ಸಿಗುವುದಿಲ್ಲ. ಬರೆದಿಟ್ಟರೆ ಅದು ಎಲ್ಲರ ಅನುಭವವಾಗುತ್ತದೆ.

ಬರವಣಿಗೆ ಶುರುವಾಗುವುದು ಕೇಸ್ ಶೀಟ್‌ನಲ್ಲಿ. ಹಕ್ಕಿಯ ಜಾತಿ, ತೂಕ, ಗಾಯವಾಗಿ ಎಷ್ಟು ಹೊತ್ತಾಯಿತು, ಅರಿವಳಿಕೆ ಯಾವುದು, ಕಿಲೋಗೆ ಎಷ್ಟು ಮಿಲಿಗ್ರಾಂ, ಹೊಲಿಗೆಯ ದಾರ ಯಾವುದು: ಇವನ್ನು ಮೇಜಿನ ಬಳಿಯೇ ಗುರುತು ಹಾಕಿಕೊಳ್ಳಬೇಕು. ಸಂಜೆ ನೆನಪಿನಿಂದ ತುಂಬಿಸಿದ ಅಂಕಿಗಳು ಮುಂದೆ ವಿಮರ್ಶಕರ ಕೈಯಲ್ಲಿ ನಿಲ್ಲುವುದಿಲ್ಲ. ಸಾಕುಪ್ರಾಣಿಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಹಕ್ಕಿಯಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಚಿಕಿತ್ಸೆಯ ಬದಲು ಪ್ರಯೋಗವಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮುಂಚಿತವಾಗಿಯೇ ಇರಬೇಕು. ಪ್ರಯೋಗ ಮುಗಿದ ಮೇಲೆ ತರುವುದಲ್ಲ.

ಅನೇಕ ವರದಿಗಳು ಎಡವುವುದು ಕೊನೆಯಲ್ಲಿ. “ಹಕ್ಕಿಯನ್ನು ಹಾರಿಬಿಡಲಾಯಿತು” ಎಂದು ಮುಗಿಸಿದರೆ ಚುರುಕಾದ ವಿಮರ್ಶಕ ಕೇಳುವುದು, “ಆಮೇಲೆ?” ಪಂಜರದಲ್ಲಿ ಎಷ್ಟು ದೂರ ಹಾರಿತು, ರೆಕ್ಕೆ ಪೂರ್ತಿ ಚಾಚಿತೇ, ಬಿಟ್ಟ ಮೇಲೆ ಮತ್ತೆ ಕಂಡಿತೇ ಎಂಬುದೇ ಫಲಿತಾಂಶ. ಸತ್ತ ಹಕ್ಕಿಗಳ ಲೆಕ್ಕವನ್ನೂ ಕೊಡಬೇಕು. ಉಳಿದವನ್ನಷ್ಟೇ ಎಣಿಸಿದ ವರದಿ ಜಾಹೀರಾತು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಎಲ್ಲಿಗೆ ಕಳಿಸುವುದು? ಅಹಮದಾಬಾದ್ ಮತ್ತು ವಡೋದರಾ ನಡುವಿನ ಆಣಂದ್‌ನಲ್ಲಿ 1964ರಿಂದ ಪಶುವೈದ್ಯ ಕಾಲೇಜಿದೆ, ಸೂರತ್ ಕಡೆಯವರಿಗೆ ನವಸಾರಿಯ ಕಾಲೇಜು ಹತ್ತಿರ. ಕಳಿಸುವ ಮುನ್ನ ಅಲ್ಲಿನ ಅಧ್ಯಾಪಕರಿಗೆ ಒಮ್ಮೆ ಕರಡು ತೋರಿಸಿದರೆ ಅರ್ಧ ತಪ್ಪು ಕಳೆಯುತ್ತದೆ. ಶಸ್ತ್ರಚಿಕಿತ್ಸೆಗೇ ಮೀಸಲಾದ ‘ಇಂಡಿಯನ್ ಜರ್ನಲ್ ಆಫ್ ವೆಟರ್ನರಿ ಸರ್ಜರಿ’ ಇದೆ. ಅಹಮದಾಬಾದ್‌ನ ಇಂಟಾಸ್ ಔಷಧ ಕಂಪನಿ ‘ಇಂಟಾಸ್ ಪಾಲಿವೆಟ್’ ಪತ್ರಿಕೆಯನ್ನು ತಂದಿದೆ. ಪತ್ರಿಕೆ ಯಾರದೇ ಇರಲಿ, ಔಷಧ ಯಾರು ಕೊಟ್ಟರು, ಹಣ ಯಾರದು ಎಂದು ಲೇಖಕ ಹೇಳಿಬಿಡಬೇಕು. ಬಡ್ತಿಗಾಗಿ ಬರೆಯುವವರು ನೋಡುವುದು ನಾಸ್ ಅಂಕ, ಅಂದರೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಅಂಕ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪತ್ರಿಕೆಗೆ ಅದು 6ರ ಮೇಲೆ ಏರುವುದಿಲ್ಲ. “ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಳಿಸಿ” ಎನ್ನುವ ಮಿಂಚಂಚೆ ಬಂದರೆ ಅಳಿಸಿಹಾಕಿ. ಆದರೆ ಶುಲ್ಕ ಕೇಳುವವರೆಲ್ಲ ಮೋಸಗಾರರಲ್ಲ. ಸಂಘಗಳು ನಡೆಸುವ ಕೆಲವು ಪತ್ರಿಕೆಗಳಲ್ಲಿ ಲೇಖಕರು ಸದಸ್ಯರಾಗಿರಬೇಕೆಂಬ ನಿಯಮವೇ ಇದೆ. ಮೋಸ ಇರುವುದು ವಿಮರ್ಶೆ ಇಲ್ಲದ ಕಡೆ.

ಆ ವಿಮರ್ಶೆ ಹೀಗೆ: ಸಂಪಾದಕರು ಮೊದಲು ವಿಷಯ ಪತ್ರಿಕೆಗೆ ಹೊಂದುತ್ತದೆಯೇ, ನಕಲು ಇದೆಯೇ ಎಂದು ನೋಡಿ, ಸಾಮಾನ್ಯವಾಗಿ ಇಬ್ಬರು ತಜ್ಞರಿಗೆ ಕಳಿಸುತ್ತಾರೆ. ಅವರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದು ತಿದ್ದಿ ಕಳಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಶ್ರಮ ವ್ಯರ್ಥವೇನಲ್ಲ. ನೋವುನಿವಾರಕ ಡೈಕ್ಲೊಫೆನಾಕ್ ಕೊಟ್ಟ ದನಗಳ ಕಳೇಬರ ತಿಂದು ರಣಹದ್ದುಗಳು ಸಾಯುತ್ತಿವೆ ಎಂಬ ಲೇಖನ 2004ರಲ್ಲಿ ‘ನೇಚರ್’ನಲ್ಲಿ ಬಂತು, 2006ರಲ್ಲಿ ಭಾರತ ಆ ಔಷಧವನ್ನು ಪಶುಗಳಿಗೆ ಬಳಸುವುದನ್ನು ನಿಷೇಧಿಸಿತು.

ಒಪ್ಪಿಗೆಯಾದ ಮೇಲೆ ಪ್ರೂಫ್ ಬರುತ್ತದೆ. ಆಗ ವಾಕ್ಯಗಳಿಗಿಂತ ಮೊದಲು ಔಷಧದ ಪ್ರಮಾಣಗಳನ್ನು ಓದಿ. 0.5 ಎಂದಿದ್ದದ್ದು 5 ಆಗಿದ್ದರೆ ಅದನ್ನು ಹಿಡಿಯಲು ಸಾಮಾನ್ಯವಾಗಿ ಇದೇ ಕೊನೆಯ ಅವಕಾಶ.